ಮೇಷ್ಟ್ರ ಹೆಂಡತಿಯ ಮೂಗು

ರಾದ್ಧಾಂತಕ್ಕೆಲ್ಲ ಒಂದು ಮೂಗು ಕಾರಣ. ಅದೂ ಮಣ್ಣಿನ ಮೂಗು.

ಡ್ರಾಯಿಂಗ್ ಮೇಷ್ಟ್ರು ಮೂವತ್ತು ವರ್ಷ ಮಕ್ಕಳು ಬರೆದ ಸೊಟ್ಟ ಮೂಗುಗಳನ್ನು ತಿದ್ದಿ ತಿದ್ದಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಎರಡನೇ ವರ್ಷಕ್ಕೆ ಕಣ್ಣೂ ಹೋದವು. ಐದು ವರ್ಷ ಹೇಗೋ ತಳ್ಳಿದರು. ಈಚೆಗೆ ಮಾತ್ರ ಹೊಸದೊಂದು ಹೆದರಿಕೆ ಹಿಡಿದಿತ್ತು. ಹೆಂಡತಿಯ ಮುಖ ಮನಸ್ಸಿನಲ್ಲೂ ಮಸುಕಾಗುತ್ತಿತ್ತು. ಪೂರ್ತಿ ಅಳಿಸಿಹೋಗುವ ಮೊದಲು ಬೆರಳಿಗೆ ನೆನಪಿದ್ದಷ್ಟನ್ನಾದರೂ ಹಿಡಿದಿಡಬೇಕೆಂದು ಮೂರು ವಾರ ಜೇಡಿಮಣ್ಣಿನಲ್ಲಿ ಕೈಯಾಡಿಸಿ ಆಕೆಯ ತಲೆ ಮಾಡಿದರು. ಇವತ್ತು ಮಧ್ಯಾಹ್ನದೊಳಗೆ ಅದನ್ನು ಕಲಾ ಪ್ರದರ್ಶನಕ್ಕೆ ಒಪ್ಪಿಸಬೇಕಿತ್ತು.

ಬೆಳಿಗ್ಗೆ ಮೊದಲು ಬಂದವಳು ನಾದಿನಿ, ಹೆಂಡತಿಯ ತಂಗಿ. ಮಣ್ಣಿನ ತಲೆಗೆ ಹೊದಿಸಿದ್ದ ಒದ್ದೆ ಬಟ್ಟೆ ಸರಿಸಿದವಳು ತಟ್ಟನೆ ಮತ್ತೆ ಮುಚ್ಚಿಬಿಟ್ಟಳು.

"ಹೇಗಿದಾಳಮ್ಮ ನಿಮ್ಮಕ್ಕ?"

"ಚೆನ್ನಾಗಿದೆ ಭಾವ. ಮೂಗು ಮಾತ್ರ... ಅಕ್ಕಂದು ಇಷ್ಟು ದಪ್ಪ ಇರ್ಲಿಲ್ಲ."

"ನಂಗೆ ಗೊತ್ತಿಲ್ವಾ? ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೀನಿ!"

"ಮೂಗಿನ ಜೊತೆ ಮಾಡಿದ್ರಾ?"

ಮೇಷ್ಟ್ರು ಕೈ ತೊಳೆದು ಬರುವಷ್ಟರಲ್ಲಿ ಮೂಗು ಅವಳ ಕೈಯಲ್ಲಿ ಅರ್ಧಕ್ಕರ್ಧ ಇಳಿದಿತ್ತು. ಗೊಣಗುತ್ತ ಮತ್ತೆ ಮಣ್ಣು ಮೆತ್ತಿದರು.

ಅಷ್ಟರಲ್ಲಿ ಕೆಳಗಿನ ಅಂಗಡಿಯ ದರ್ಜಿ ಕೊರಳಲ್ಲಿ ಟೇಪಿನ ಸಮೇತ ಬಂದ. ಮಣ್ಣಿನ ತಲೆಯನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಕೆಮ್ಮಿದ.

"ಸಾರ್, ದವಡೆ ಸ್ವಲ್ಪ ಲೂಸಾಗಿದೆ. ಒಂದಿಂಚು ಹಿಡೀಲಾ?"

"ಅದೇನು ಅಂಗಿನೇನಯ್ಯಾ?"

ಅಷ್ಟು ಹೇಳುವುದರೊಳಗೆ ಆತ ಹಿಡಿದಾಗಿತ್ತು. ಗಲಾಟೆ ಕೇಳಿ ಮಹಡಿಯಿಂದ ಇಳಿದ ಮನೆ ಓನರಮ್ಮ, "ಹೆಂಗಸು ಅಂತಾದ್ರೂ ಗೊತ್ತಾಗ್ಬೇಕಲ್ಲ" ಎಂದು ತಮ್ಮ ಕಿವಿಯ ಓಲೆಗಳನ್ನೇ ಬಿಚ್ಚಿ ಮಣ್ಣಿಗೆ ಚುಚ್ಚಿದರು. "ನಿಮಗೆ ಕಾಣಲ್ಲ ಮೇಷ್ಟ್ರೇ, ನಮಗೆ ಕಾಣತ್ತಲ್ಲ!"

ಮೇಷ್ಟ್ರಿಗೆ ರೇಗಿತು. "ಅವಳು ಆಸ್ಪತ್ರೇಲಿದ್ದಾಗ ಒಬ್ರೂ ನೋಡೋಕೆ ಬರ್ಲಿಲ್ಲ. ಈಗ ನೋಡಿದ್ದು ಸಾಕು, ನಡೀರಿ ಆಚೆ!"

ನಾದಿನಿಯ ಮಟ್ಟಿಗೆ ಅದು ಶುದ್ಧ ಸುಳ್ಳು. ಅಕ್ಕನ ಮಂಚದ ಪಕ್ಕ ಎರಡು ತಿಂಗಳು ಕೂತವಳು ಅವಳು. ಆದರೂ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಹೊರಗೆ ನಡೆದಳು.

ಮೇಷ್ಟ್ರು ಚಿಲಕ ಹಾಕಿಕೊಂಡು ಓಲೆ ಕಿತ್ತಿಟ್ಟು, ದವಡೆ ತುಂಬಿಸಿ, ಮೂಗನ್ನು ಸರಿಮಾಡಿದರು. ಬೆರಳುಗಳು ಮನೆ ದಾರಿ ಹಿಡಿದ ಎತ್ತಿನಂತೆ ಯಾರನ್ನೂ ಕೇಳದೆ ನಡೆದವು. ಕೊನೆಗೊಮ್ಮೆ ಸವರಿ ನೋಡಿದಾಗ ಅಳು ಬಂತು. ಇವಳೇ, ಅನುಮಾನವೇ ಇಲ್ಲ.

ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಹೋದರು. ಕೌಂಟರಿನ ಗುಮಾಸ್ತ ಸರಸರನೆ ಏನೋ ಬರೆದುಕೊಂಡ.

"ಯಾರದು ಅಂತ ಕೇಳಲ್ವೇನಪ್ಪಾ?"

"ಕೇಳೋದೇನಿದೆ ಸಾರ್? ನೋಡಿದ ತಕ್ಷಣ ಗೊತ್ತಾಗತ್ತೆ."

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಕಟ್ಟಿಕೊಂಡವಳು ಎಂಬುದು ಅಪರಿಚಿತನಿಗೂ ಕಾಣುವಂತಿದ್ದರೆ ಇನ್ನೇನು ಬೇಕು!

ಸಂಜೆ ಬಹುಮಾನ ಘೋಷಣೆ. ಬೈಸಿಕೊಂಡ ಮೂವರೂ ಬಂದು ಪಕ್ಕದಲ್ಲೇ ಕೂತಿದ್ದರು. ಮೈಕು ಗಂಟಲು ಸರಿಮಾಡಿಕೊಂಡಿತು.

"ಸ್ವಂತ ಮುಖದ ವಿಭಾಗದಲ್ಲಿ ಮೊದಲ ಬಹುಮಾನ! ಕಣ್ಣಿಲ್ಲದಿದ್ದರೂ ತಮ್ಮದೇ ಮುಖವನ್ನು ಕೂದಲೆಳೆಯಷ್ಟೂ ತಪ್ಪದೆ ಮೂಡಿಸಿದ ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ!"

ಮೇಷ್ಟ್ರು ನಕ್ಕರು. ಹೆಂಡತಿಯದು ಎನ್ನಲು ಹೋಗಿ ತಮ್ಮದು ಎಂದುಬಿಟ್ಟಿದ್ದಾರೆ. ಪಕ್ಕದಲ್ಲಿ ಮಾತ್ರ ಯಾರೂ ನಗಲಿಲ್ಲ. ನಾದಿನಿ ಅವರ ಕೈ ಹಿಡಿದು ತಲೆಯ ಹತ್ತಿರ ಕರೆದುಕೊಂಡು ಹೋದಳು. ಮೇಷ್ಟ್ರು ಒಂದು ಕೈಯನ್ನು ಮಣ್ಣಿನ ಮೂಗಿನ ಮೇಲಿಟ್ಟರು, ಇನ್ನೊಂದನ್ನು ತಮ್ಮ ಮೂಗಿನ ಮೇಲೆ. ಅದೇ ದಪ್ಪ, ಅದೇ ಉಬ್ಬು. ದವಡೆಯೂ ಅದೇ. ಐದು ವರ್ಷ ದಿನಾ ಬೆಳಿಗ್ಗೆ ಸೋಪು ಹಚ್ಚಿ, ಸವರಿ ಸವರಿ ಗಡ್ಡ ಹೆರೆದುಕೊಂಡ ಬೆರಳುಗಳಿಗೆ ಗೊತ್ತಿದ್ದ ಮುಖ ಇದೊಂದೇ.

"ನಿಂಗೆ ಗೊತ್ತಿತ್ತೇನಮ್ಮಾ?"

"ಎಲ್ರಿಗೂ ಗೊತ್ತಿತ್ತು ಭಾವ. ಹೇಳೋಕೆ ಬಾಯಿ ಬರ್ಲಿಲ್ಲ. ಅದಕ್ಕೇ ತಿದ್ದೋಕೆ ಹೋದ್ವಿ."

ಮೇಷ್ಟ್ರು ಮೂವರ ಕಡೆಗೂ ತಿರುಗಿದರು. "ಹಾಗಾದ್ರೆ ಅವಳ ಮೂಗು ಹೇಗಿತ್ತು? ಯಾರಾದ್ರೂ ಹೇಳಿ."

"ಚೂಪಗೆ, ನನ್ ಥರಾನೇ" ಎಂದಳು ನಾದಿನಿ.

"ಚೂಪಾ? ಮೊಂಡು ಕಣಮ್ಮ!" ಎಂದರು ಓನರಮ್ಮ.

"ತುದೀಲಿ ಒಂಚೂರು ಎಡಕ್ಕೆ ಎಳೆದಿತ್ತು" ಎಂದ ದರ್ಜಿ.

ಮೂವರೂ ಅಲ್ಲೇ ಜಗಳಕ್ಕೆ ನಿಂತರು. ಮೇಷ್ಟ್ರು ಒಬ್ಬರಾದ ಮೇಲೊಬ್ಬರ ಕಡೆಗೆ ಕಿವಿ ತಿರುಗಿಸುತ್ತ ಕೇಳಿದರು. ಯಾರ ಮಾತನ್ನೂ ಅಲ್ಲವೆನ್ನಲು ಅವರಲ್ಲಿ ಏನೂ ಉಳಿದಿರಲಿಲ್ಲ.