ಬಾರದ ಚೆಂಡಿಗೂ ಒಂದು ಕಾಲಂ ಕೊಡಿ

ಕೊಲ್ಲಿ ನಾಡಿನ ಐನ್ ಖಾಲಿದ್‌ನ ಕರಾವಳಿ ಹಾಕಿ ಬಳಗದ ಮ್ಯಾನೇಜರರೂ ಅಂಕಪಟ್ಟಿಗಳ ಪರಮ ಆರಾಧಕರೂ ಆದ ಕೆನೆತ್ ಅವರ ಸನ್ನಿಧಿಗೆ, ಬಳಗದ ಸಕಲರೂ ಓದಲೆಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಹಾಕುತ್ತಿರುವ ಅರ್ಜಿ.

ಮಾನ್ಯರೇ,

ತಾವೂ ತಮ್ಮ ಲ್ಯಾಪ್‌ಟಾಪೂ ಕ್ಷೇಮವೆಂದು ನಂಬಿದ್ದೇನೆ. ಹಗಲೆಲ್ಲ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಇನ್ನೂರು ಜನರ ಅಪ್ರೈಸಲ್ ಮಾಡಿಯೂ ದಣಿಯದೆ, ಸಂಜೆ ಅದೇ ಫಾರ್ಮನ್ನು ನಮ್ಮ ಹಾಕಿ ತಂಡಕ್ಕೂ ತುಂಬುವ ತಮ್ಮ ಶ್ರದ್ಧೆಗೆ ಯಾರ ದೃಷ್ಟಿಯೂ ತಾಗದಿರಲಿ. ಆ ಫಾರ್ಮಿನ ಪ್ರಕಾರ ಸೆಮಿಫೈನಲಿನಲ್ಲಿ ಹದಿನಾಲ್ಕು ಸಲ ಎದುರಾಳಿಯಿಂದ ಚೆಂಡು ಕಸಿದ ನನಗೆ 'ಎ' ಗ್ರೇಡ್, ಎರಡೇ ಸಲ ಕಸಿದ ದೂಮಪ್ಪನಿಗೆ 'ಸಿ'. ಆದ್ದರಿಂದ ಈ ಶುಕ್ರವಾರದ ಫೈನಲಿಗೆ ಮೊದಲ ಡಿಫೆಂಡರ್ ಜೋಡಿ ನಾನು ಮತ್ತು ಡ್ಯಾರೆಲ್, ದೂಮಪ್ಪ ಬೆಂಚಿಗೆ. ಈ ತೀರ್ಪಿನ ವಿರುದ್ಧ, ಮುಖ್ಯವಾಗಿ ನನ್ನ 'ಎ' ಗ್ರೇಡಿನ ವಿರುದ್ಧ, ಈ ದೂರು.

ಸತ್ಯ ಹೇಳಿಬಿಡುತ್ತೇನೆ. ನಾನು ಹದಿನಾಲ್ಕು ಸಲ ಚೆಂಡು ಕಸಿದದ್ದು, ಅದಕ್ಕೂ ಮೊದಲು ಹದಿನಾಲ್ಕು ಸಲ ಕಳೆದುಕೊಂಡಿದ್ದರಿಂದ. ಗೋಲು ಹೊಡೆಯುವ ಚಪಲಕ್ಕೆ ಮುಂದೆ ನುಗ್ಗುತ್ತೇನೆ, ಚೆಂಡು ಬಿಟ್ಟುಕೊಡುತ್ತೇನೆ, ಏದುಸಿರು ಬಿಡುತ್ತ ಹಿಂದಕ್ಕೆ ಓಡುತ್ತೇನೆ. ನಾನು ತಲುಪುವಷ್ಟರಲ್ಲಿ ಎದುರಾಳಿ ಅಲ್ ಅಜೀಜಿಯಾ ತಂಡದ ಆ ಮಿಂಚಿನ ಓಟಗಾರ ಹಾಶಿಮ್‌ನನ್ನು ದೂಮಪ್ಪ ಸ್ಟಿಕ್ ಆಡಿಸದೆ, ನಿಲ್ಲಬೇಕಾದಲ್ಲಿ ನಿಂತೇ ಮೂಲೆಗೆ ಸರಿಸಿರುತ್ತಾನೆ. ನಾನು ಹೋಗಿ ಚೆಂಡು ಕಸಿದುಕೊಳ್ಳುತ್ತೇನೆ, ತಾವು ನನ್ನ ಹೆಸರಿನ ಮುಂದೆ ಗೀಟು ಎಳೆಯುತ್ತೀರಿ. "ಇಗ್ಗಿ, ನೀನು ಹೋಗು ಮಾರಾಯ, ನಾನಿದ್ದೇನೆ" ಎಂದು ಒಂಬತ್ತು ವರ್ಷದಿಂದ ಕೂಗುತ್ತಿರುವ ಅವನ ಗಂಟಲಿಗೆ ತಮ್ಮಲ್ಲಿ ಅಂಕವಿಲ್ಲ.

ಮೊದಲ ಜೋಡಿಯ ಡಿಫೆಂಡರ್ ಹೇಗಿರಬೇಕೆಂದು ತಮಗೆ ಕಲಿಸುವಷ್ಟು ದೊಡ್ಡವನಲ್ಲ ನಾನು. ಆದರೂ ಎದುರಾಳಿಯ ಅತ್ಯುತ್ತಮ ಆಟಗಾರನ ಮುಂದೆ ನಿಲ್ಲುವವನು, ಒಂದು ಗೋಲಿನ ಮುನ್ನಡೆಯಲ್ಲಿ ಕೊನೆಯ ಐದು ನಿಮಿಷ ಎಲ್ಲರ ಎದೆ ಡವಗುಟ್ಟುವಾಗ ಗಾಬರಿಯಿಲ್ಲದೆ ಚೆಂಡನ್ನು ನಮ್ಮವರ ಸ್ಟಿಕ್ಕಿಗೆ ತಲುಪಿಸುವವನು, ಪಕ್ಕದವನ ತಪ್ಪನ್ನು ಮ್ಯಾನೇಜರರಿಗೂ ಕಾಣದಂತೆ ಮುಚ್ಚುವವನು ಎಂದು ನನ್ನ ಅಲ್ಪಮತಿಗೆ ತೋರಿದೆ. ಕೊನೆಯದರಲ್ಲಿ ದೂಮಪ್ಪ ಎಷ್ಟು ಪಳಗಿದವನೆಂಬುದಕ್ಕೆ ತಾವೇ ಸಾಕ್ಷಿ.

ಆದಕಾರಣ ತಮ್ಮ ಫಾರ್ಮಿಗೆ 'ಬಾರದ ಚೆಂಡು' ಎಂಬ ಕಾಲಂ ಸೇರಿಸಬೇಕು. ದೂಮಪ್ಪನನ್ನು ಕಂಡು ಹೊಡೆಯದೆ ಬಿಟ್ಟ ಗೋಲುಗಳನ್ನೆಲ್ಲ ಹಾಶಿಮ್‌ನಿಂದಲೇ ಬರೆಸಿ, ಅರಬಿಗೆ ಅನುವಾದಿಸಿ, ರಾಯಭಾರ ಕಚೇರಿಯಲ್ಲಿ ಅಟೆಸ್ಟ್ ಮಾಡಿಸಿ ಲಗತ್ತಿಸಬೇಕು. ಡ್ಯಾರೆಲ್ ಮೇಲೆ ನನಗೆ ತಕರಾರಿಲ್ಲ, ಅವನಿಗೂ ನನ್ನದೇ ಮುಂದೆ ಓಡುವ ಕಾಯಿಲೆ. ನಾವಿಬ್ಬರೂ ಎದುರಾಳಿಯ ಗೋಲಿನ ಬಳಿ ಭೇಟಿಯಾಗಿ ಕುಶಲ ವಿಚಾರಿಸುತ್ತಿರುವಾಗ, ಇತ್ತ ನಮ್ಮ ಗೋಲಿನ ಮುಂದೆ ತಮ್ಮ ಲ್ಯಾಪ್‌ಟಾಪನ್ನು ನಿಲ್ಲಿಸುವ ಕೃಪೆ ಮಾಡಬೇಕು.

ದೂಮಪ್ಪನ ವೀಸಾ ಕ್ಯಾನ್ಸಲ್ ಆಗಿದೆ. ಶನಿವಾರ ಅವನು ಮಂಗಳೂರಿನ ವಿಮಾನ ಹತ್ತುತ್ತಾನೆ, ಮತ್ತೆ ಬರುವುದಿಲ್ಲ. ಶುಕ್ರವಾರದ್ದು ಅವನ ಕೊನೆಯ ಪಂದ್ಯವೆಂದು ನಿನ್ನೆ ಅಭ್ಯಾಸದ ಬಳಿಕ ನಾನು ಬಿನ್ನವಿಸಿದಾಗ ತಾವು ತಲೆಯೆತ್ತದೆ, "ಲಿಸ್ಟ್ ಕಳಿಸಿ ಆಯ್ತು ಮಾರಾಯ, ಖಲಾಸ್" ಎಂದಿರಿ. ಅವನು ಅಲ್ಲೇ ಹಿಂದೆ ನಿಂತಿದ್ದ. ನೇರ ಡ್ಯಾರೆಲ್ ಬಳಿ ಹೋಗಿ, "ಇಗ್ಗಿ ಓಡಿದ ಕೂಡಲೇ ನೀನು ನಡುವೆ ಬಂದು ನಿಲ್ಲು ಆಯ್ತಾ, ಅವನಿಗೆ ಹಿಂದೆ ನೋಡಿ ಗೊತ್ತೇ ಇಲ್ಲ" ಎಂದು ಹೇಳಿಕೊಟ್ಟ. ಸ್ವಾಮಿ, ನನಗೆ ಅವನ ಜೊತೆ ಇನ್ನೊಂದೇ ಒಂದು ಪಂದ್ಯ ಆಡುವ ಆಸೆಯಿತ್ತು. ಅದು ಆಗದಿದ್ದರೆ ಅವನೊಬ್ಬನಾದರೂ ಆಡಬೇಕು.

ಇಂತು, ಗ್ರೇಡಿಗೆ ಯೋಗ್ಯನಲ್ಲದಿದ್ದರೂ ಇನ್ನೂ ತಮ್ಮ ವಿಶ್ವಾಸಿಯೇ ಆಗಿರುವ,
ಇಗ್ನೇಶಿಯಸ್

ತಾಜಾ ಕಲಂ: ಶುಕ್ರವಾರ ಪಂದ್ಯಕ್ಕೆ ಹತ್ತು ನಿಮಿಷವಿರುವಾಗ ನನ್ನ ಕಾಲು ಉಳುಕಲಿದೆ. ಯಾವ ಕಾಲೆಂದು ಇನ್ನೂ ತೀರ್ಮಾನಿಸಿಲ್ಲ. ಗಾಯಾಳುವಿನ ಜಾಗಕ್ಕೆ ಮೀಸಲು ಡಿಫೆಂಡರನೇ ಇಳಿಯಬೇಕೆಂಬ ನಿಯಮ ತಾವೇ ಮಾಡಿದ್ದು, ಮೀಸಲು ಪಟ್ಟಿಯಲ್ಲಿರುವುದು ದೂಮಪ್ಪ ಒಬ್ಬನೇ. ನಾನು ಬೆಂಚಿನಲ್ಲಿ ತಮ್ಮ ಪಕ್ಕದಲ್ಲೇ ಕೂತು, ಅವನು ಏನೇನು ಮಾಡುತ್ತಿದ್ದಾನೆಂದು ಬೆರಳಿಟ್ಟು ತೋರಿಸುತ್ತೇನೆ, ತಾವು ಬರೆದುಕೊಳ್ಳಿ.