ಅರ್ಧ, ಕಾಲು, ಬಲೆ: ನನ್ನ ಮದುವೆಯ ಕಂಪ್ಯೂಟರ್ ಕಾಗದ

ನನ್ನ ಮದುವೆಯ ಕಾಗದವನ್ನು ನಾನೇ ಕಂಪ್ಯೂಟರಿನಲ್ಲಿ ಮುದ್ರಿಸುತ್ತೇನೆ ಎಂದು ಘೋಷಿಸಿದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೆ ಕಂಪ್ಯೂಟರ್ ಎಂದರೆ ಏನೆಂದು ಗೊತ್ತಿರಬೇಕಲ್ಲ!

ಎಂಬತ್ತರ ದಶಕದ ಕೊನೆ ಅದು. ಕುಮಟೆಯಲ್ಲಿ ನಾನು ಕಲಿಸುತ್ತಿದ್ದ ಟೈಪಿಂಗ್ ಕ್ಲಾಸಿಗೆ ಒಂದು ಕಂಪ್ಯೂಟರ್ ಬಂದಿತ್ತು. ಜೊತೆಗೆ ಕರಕರ ಸದ್ದು ಮಾಡುವ ಪ್ರಿಂಟರ್. ಕಂಪ್ಯೂಟರಿನ ಹೊಟ್ಟೆಯೊಳಗೆ ಕನ್ನಡ ಅಕ್ಷರಕ್ಕೆಂದೇ ಒಂದು ಕಾರ್ಡು. ಅದಕ್ಕೆ ನಾವು ಕೊಡುತ್ತಿದ್ದ ಮರ್ಯಾದೆ ನೋಡಬೇಕಿತ್ತು! ಉಪ್ಪುಗಾಳಿ ತಾಗದ ಹಾಗೆ ಕಿಟಕಿ ಮುಚ್ಚಿ, ಚಪ್ಪಲಿ ಹೊರಗೆ ಬಿಟ್ಟು, ಗರ್ಭಗುಡಿ ಹೊಕ್ಕಂತೆ ಒಳಗೆ ಹೋಗುತ್ತಿದ್ದೆವು. ನನ್ನ ಅಪ್ಪ ಮೀನು ಬೋಟಿನಲ್ಲಿ ದುಡಿಯುವವ. ಇಡೀ ಕೇರಿಯಲ್ಲಿ ಕಂಪ್ಯೂಟರ್ ಮುಟ್ಟಿದವಳು ನಾನೊಬ್ಬಳೇ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಹುಡುಗನ ಮನೆ ಭಟ್ಕಳ. ಮಾತುಕತೆಯ ದಿನ ನನ್ನ ಭಾವೀ ಅತ್ತೆ ಅಪ್ಪನನ್ನು ಕೇಳಿದರು, "ಕಾಗ್ದ ಎಲ್ಲಿ ಹೊಡಸ್ತ್ರಿ? ನಮ್ ಪೈಕಿಯೋರು ಕಾಗ್ದ ನೋಡೇ ಮನೆತನ ಅಳೆಯೂದು. ಕಾಗ್ದ ಚಂದ ಇಲ್ದಿದ್ರೆ ಮದಿಗೇ ಬರೂದಿಲ್ಲ."

ಅಪ್ಪ ಬಾಯಿ ತೆರೆಯುವ ಮೊದಲೇ ಮದುಮಗಳೇ, ಅಂದರೆ ನಾನೇ, ನಡುವೆ ಹಾರಿದೆ. "ಪ್ರೆಸ್ಸಲ್ಲಿ ಎಲ್ಲಾರೂ ಹೊಡಸ್ತ್ರು. ನಮ್ಮದು ಕಂಪ್ಯೂಟರ್ ಕಾಗ್ದ!"

ಮರುದಿನವೇ ಅಪ್ಪ ಗೊತ್ತು ಮಾಡಿಟ್ಟಿದ್ದ ಪ್ರೆಸ್ಸಿಗೆ ಹೋಗಿ, ನಿಮ್ಮ ಸೇವೆ ಬೇಕಾಗಿಲ್ಲ ಎಂದು ತಿಳಿಸಿ ಬಂದೆ. ಬಹಳ ಗಂಭೀರವಾಗಿ!

ಆ ವಾರವೇ ಕಂಪ್ಯೂಟರ್ ಮಾರಿದ ಹುಬ್ಬಳ್ಳಿಯವರು ಒಂದು ಹೊಸ ಫ್ಲಾಪಿ ಕೊಟ್ಟು ಹೋಗಿದ್ದರು. ಹೊಸ ಡಾಸ್. ಡಾಸ್ ಎಂದರೆ ಕಂಪ್ಯೂಟರಿನ ಸಂಸಾರ ನಡೆಸುವ ಯಜಮಾನ. "ಇದು ಭಾರಿ ಫಾಸ್ಟ್ ಐತ್ರಿ. ನೀವು ಮುಟ್ಟಬ್ಯಾಡ್ರಿ, ನಾನ ಬಂದು ಹಾಕ್ತೇನಿ," ಎಂದಿದ್ದರು. ನನ್ನಿಂದ ಕಾಯಲಾಗಲಿಲ್ಲ. ನನ್ನ ಮದುವೆಯ ಕಾಗದ ಹಳೆಯ ಡಾಸಿನಲ್ಲಿ ಮುದ್ರಣವಾಗುವುದೇ? ಮದುಮಗಳಿಗೆ ಹಳೆ ಸೀರೆ ಉಡಿಸಿದ ಹಾಗೆ! ನಾನೇ ಹಾಕಿಬಿಟ್ಟೆ. ಪರದೆಯ ಮೇಲೆ ಕನ್ನಡ ಮುತ್ತಿನಂತೆ ಬಂತು. ಕಾಗದವನ್ನು ಟೈಪ್ ಮಾಡಿದೆ. ಅದನ್ನು ತುಂಬಿಡಲು ಒಂದು ಫ್ಲಾಪಿ ಬೇಕಿತ್ತು. ಹಳೆಯ ಡಾಸಿನ ಫ್ಲಾಪಿ ಮೇಜಿನ ಮೇಲೆ ಬಿದ್ದಿತ್ತು. ಯಜಮಾನ ಬದಲಾದ ಮೇಲೆ ಹಳಬನಿಗೆ ಏನು ಕೆಲಸ? ಪೂರ್ತಿ ಅಳಿಸಿ, ನನ್ನ ಕಾಗದವನ್ನು ಅದರಲ್ಲಿ ಕೂರಿಸಿದೆ.

ಇನ್ನು ಮುದ್ರಣ. ಅಪ್ಪನ ಅಕ್ಕ ನಾಗತ್ತೆಯ ಕಟ್ಟಪ್ಪಣೆ ಒಂದಿತ್ತು: "ದೇವ್ರ ಮುಂದೆ ಇಡೂ ತನಕ ಮದಿ ಕಾಗ್ದ ಓದೂಕಿಲ್ಲ. ಅದ್ರಲ್ಲೂ ಮದುಮಗ್ಳು ನೋಡೂಕೇ ಇಲ್ಲ. ಕಣ್ಣ್ ತಾಗ್ತದೆ!"

ನಾನು ಕಂಪ್ಯೂಟರ್ ಕಲಿತವಳೇ, ಆದರೆ ಮದುಮಗಳೂ ಹೌದಲ್ಲ. ಪ್ರಿಂಟರ್ ಚಾಲೂ ಮಾಡಿ ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಹಿಂದಿನಿಂದ ಕರಕರ ಸದ್ದು. ನನಗೆ ಅದು ಮಂಗಳವಾದ್ಯ! ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಕಾಗದವನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ಹಾಕಿ, ಟವೆಲ್ ಹೊದೆಸಿ, ಮನೆಗೆ ತಂದೆ.

ದೇವರ ಮುಂದೆ ದೀಪ ಹಚ್ಚಿದ್ದಾಯಿತು. ನಾಗತ್ತೆ ಕಾಗದಗಳ ಮೂಲೆಗೆ ಅರಿಶಿನ ಹಚ್ಚಿದ್ದೂ ಆಯಿತು. ಅಪ್ಪ ಮೊದಲ ಕಾಗದ ಎತ್ತಿ ಕನ್ನಡಕ ಏರಿಸಿದ. ಇಳಿಸಿದ. ಮತ್ತೆ ಏರಿಸಿದ.

"ತಂಗೀ, ಎಂತದೇ ಇದು? ಇಲ್ಲೆಲ್ಲಾ ಬಲೆ ಬಿಡ್ಸಿದಂಗೆ ಅದೆ?"

ಇಣುಕಿದೆ. ಬಲೆಯೇ! ಸಾಲು ಸಾಲು ಚುಕ್ಕಿ ಚುಕ್ಕಿಯ ಬಲೆ. ಹುಡುಗನ ಹೆಸರಿನ ಜಾಗದಲ್ಲಿ ಒಂದು ಬೇಲಿ. ನನ್ನ ಹೆಸರಿನ ಜಾಗದಲ್ಲಿ ಎರಡು ಕಿಟಕಿ, ಮತ್ತು ತಲೆಯ ಮೇಲೆ ಹುಳ ಕೂತ ಒಂದು ಇಂಗ್ಲಿಷ್ ಅಕ್ಷರ.

ಅಪ್ಪ ಅಲ್ಲಲ್ಲಿ ಬಿದ್ದಿದ್ದ ½, ¼ ಗುರುತುಗಳ ಮೇಲೆ ಬೆರಳಿಟ್ಟು ಓದಿದ. "ಇಲ್ಲಿ ಅರ್ಧ ಅಂತದೆ. ಇಲ್ಲಿ ಕಾಲು ಅಂತದೆ. ಮದಿ ಅರ್ಧನೋ ಕಾಲೋ, ಹುಡ್ಗನ ಮನೆಯೋರ ಹತ್ರ ಒಂದ್ ಸಲ ಕೇಳ್ಕಳಾ?"

ಬೆಳಗಾಗುತ್ತಲೇ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿದೆ. ಅವರು ಸಮಾಧಾನದಿಂದ ವಿವರಿಸಿದರು. ಕಾರ್ಡಿನ ಮಾತನ್ನು ಪ್ರಿಂಟರಿಗೆ ತಿಳಿಸಿ ಹೇಳಲು ನಡುವೆ ಒಂದು ಪುಟ್ಟ ಪ್ರೋಗ್ರಾಮ್ ಇರುತ್ತದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ. ದುಭಾಷಿ ಇದ್ದ ಹಾಗೆ. ನಮ್ಮ ದುಭಾಷಿ ಹಳೆಯ ಯಜಮಾನನ ಕಾಲದವ. ಹೊಸ ಯಜಮಾನ ಬಂದೊಡನೆ ಅವನ ಬಾಯಿ ಕಟ್ಟಿತ್ತು.

"ಹೊಸಾ ಡ್ರೈವರ್ ಇನ್ನಾ ಬಂದಿಲ್ರಿ. ಚಿಂತಿ ಮಾಡಬ್ಯಾಡ್ರಿ, ಹಳೇ ಡಾಸ್ ಹಾಕ್ಕೊಂಬಿಡ್ರಿ."

"ಹಳೇ ಡಾಸಿನ ಫ್ಲಾಪಿಯಲ್ಲಿ ನನ್ನ ಮದುವೆ ಕಾಗದ ಇದೆ."

"ಅಂದ್ರ?"

"ಅಳಿಸಿಬಿಟ್ಟೆ."

ಆ ಕಡೆ ಡೈರಿಯ ಹಾಳೆ ಮಗುಚುವ ಸದ್ದು. ಟ್ರಂಕ್ ಕಾಲಿನಲ್ಲಿ ಪ್ರತಿ ನಿಮಿಷಕ್ಕೂ ದುಡ್ಡು!

"ಇನ್ನೊಂದು ಕಾಪಿ ಬರೋ ವಾರ ತರ್ತೇನ್ರಿ," ಎಂದರು.

"ಬರುವ ವಾರ ನನ್ನ ಮದುವೆ!"

"ಹೌದೇನ್ರಿ? ಶುಭಾಶಯ್ರಿ!" ಎಂದು ಫೋನ್ ಇಟ್ಟುಬಿಟ್ಟರು.

ಪ್ರೆಸ್ಸಿಗೆ ಓಡಿದೆ. ಮಾಲೀಕರು ತಲೆ ಎತ್ತದೆ ಹೇಳಿದರು, "ಇದು ಮದಿ ಸೀಜನ್ನು ತಂಗಿ. ಈಗ ಕೊಟ್ರೆ ನಿನ್ನ ಮಗುವಿನ ತೊಟ್ಲು ಶಾಸ್ತ್ರದ ಕಾಗ್ದ ಬೇಕಾದ್ರೆ ಹೊಡ್ಕೊಡ್ವಾ."

ಉಳಿದದ್ದು ಒಂದೇ ದಾರಿ. ಅಷ್ಟೂ ಕಾಗದಗಳ ಹಿಂಬದಿಗೆ ನಾನೇ ಕೈಯಿಂದ ಬರೆಯುವುದು. ಹೊಸ ಪೆನ್ನು ಕೊಂಡು ಮನೆಗೆ ಬಂದರೆ, ಪೆಟ್ಟಿಗೆ ಖಾಲಿ!

"ಅಪ್ಪಾ, ಕಾಗ್ದ ಎಲ್ಲಿ?"

"ಅಕ್ಕ ತಕಂಡ್ ಹೋತು. ಅಘನಾಶಿನಿ ಊರು ಮುಗ್ಸಿ, ಹೊನ್ನಾವರ, ಭಟ್ಕಳ ಎಲ್ಲಾ ಮದಿಗೆ ಹೇಳ್ಕೆ ಮಾಡ್ಕಂಡೇ ಬರೂದಂತೆ."

"ಅಕ್ಷರ ಸರಿ ಇಲ್ಲ ಅಂತ ಹೇಳ್ಲಿಲ್ವಾ?"

"ಹೇಳ್ದೆ. 'ನಂಗೆ ಯಾವ ಅಕ್ಷರ ಸರಿ ಅದೆ?' ಅಂದ್ಕಂಡು ಬಸ್ಸು ಹತ್ತೇ ಬಿಡ್ತು."

ನಾಗತ್ತೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಲೆಯೂ ಬೇಲಿಯೂ ಅವಳಿಗೆ ಉಳಿದ ಕಾಗದಗಳಷ್ಟೇ ಚಂದ ಕಂಡಿರಬೇಕು.

ಮುಂದಿನ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಖಾಲಿ ಚಪ್ಪರ, ತೆರೆದರೆ ಅತ್ತೆಯ ಮುಖ. ಭಟ್ಕಳದ ದಿಬ್ಬಣ ಬರದೇ ಹೋದರೆ? ಅಂಚೆಯಣ್ಣ ಕೇರಿಗೆ ಬಂದಾಗಲೆಲ್ಲ, ಸಂಬಂಧ ಮುರಿದ ಸುದ್ದಿಯೇ ಬಂತೆಂದು ಬಾಗಿಲ ಹಿಂದೆ ಅಡಗುತ್ತಿದ್ದೆ.

ಮುಹೂರ್ತದ ದಿನ ಚಪ್ಪರದಲ್ಲಿ ಕಾಲಿಡಲು ಜಾಗ ಇರಲಿಲ್ಲ! ಅಘನಾಶಿನಿಯವರು ಬಂದರು, ಹೊನ್ನಾವರದವರು ಬಂದರು, ಭಟ್ಕಳದಿಂದ ಬಸ್ಸು ತುಂಬಿ ಬಂತು. ಅಡಿಗೆಯವರು ಬೈದುಕೊಳ್ಳುತ್ತಾ ಮತ್ತೊಮ್ಮೆ ಅಕ್ಕಿ ತೊಳೆದರು. ಆ ಬೈಗುಳ ನನ್ನ ಕಿವಿಗೆ ಜೇನು! ಎದೆಯ ಮೇಲಿದ್ದ ಲಂಗರು ಅಲ್ಲೇ ಕಳಚಿ ಬಿತ್ತು.

ಆದದ್ದು ಇಷ್ಟೇ. ನಮ್ಮವರಲ್ಲಿ ಬಾಗಿಲಿಗೆ ಬಂದು ಬಾಯಲ್ಲಿ ಹೇಳಿದ್ದೇ ಕರೆ. ನಾಗತ್ತೆ ಮನೆ ಮನೆಯ ಜಗಲಿಯಲ್ಲಿ ನಿಂತು, ಯಾರ ಮಗಳು, ಯಾರ ಮಗ, ಯಾವತ್ತು, ಎಲ್ಲಿ ಎಂದು ಒಂದೇ ಉಸಿರಿಗೆ ಹೇಳಿ, ಹಣೆಗೆ ಕುಂಕುಮ ಇಟ್ಟು ಬಂದಿದ್ದಳು. ಕಾಗದ ಗೋಡೆಯ ಮೊಳೆ ಸೇರಿತ್ತು.

ಭಟ್ಕಳದಲ್ಲಿ ಮಾತ್ರ ಅದನ್ನು ಓದುವ ಪ್ರಯತ್ನ ನಡೆಯಿತಂತೆ. ನನ್ನ ಅತ್ತೆ ನೋಡಿ, ಕನ್ನಡ ಅಲ್ಲದ ಮೇಲೆ ಇದು ನೆರೆಮನೆಯ ಸಾಹೇಬರಿಗೆಂದು ಉರ್ದುವಿನಲ್ಲಿ ಹೊಡೆಸಿದ್ದು ಎಂದುಕೊಂಡು ಅವರಿಗೆ ಕೊಟ್ಟರು. ಸಾಹೇಬರು ಎರಡೂ ಕೈಯಲ್ಲಿ ಹಿಡಿದು ನೋಡಿ, ಉರ್ದು ಅಲ್ಲ, ಕೊಂಕಣಿ ಇರಬೇಕು ಎಂದು ಎದುರಿನ ಕೊಂಕಣಿ ಅಂಗಡಿಗೆ ದಾಟಿಸಿದರು. ಅಂಗಡಿಯವರು ತೀರ್ಪು ಕೊಟ್ಟರು: ಇದು ಕಂಪ್ಯೂಟರ್ ಭಾಷೆ. ನಮ್ಮಂಥವರಿಗೆ ತಿಳಿಯುವುದಿಲ್ಲ.

ಅದನ್ನೇ ಹಿಡಿದು ಅತ್ತೆ ಮಂಟಪದಲ್ಲಿ ತಮ್ಮ ಪೈಕಿಯವರಿಗೆಲ್ಲ ಹೇಳುತ್ತಿದ್ದರು, "ಇಡೀ ಭಟ್ಕಳದಲ್ಲಿ ಒಬ್ರಿಗೂ ಓದುಕಾಗ್ಲಿಲ್ಲ! ನಮ್ ಸೊಸೆ ಅಷ್ಟ್ ಓದ್ಕಂಡದೆ!" ಆಮೇಲೆ ಕಾಗದವನ್ನು ನನ್ನ ಕೈಗಿತ್ತು, "ಎಲ್ಲಾರ್ ಮುಂದೆ ನೀನೇ ಓದಿ ಹೇಳೇ ತಂಗಿ," ಎಂದರು.

ನಾನು ಹಿಂಜರಿಯಲಿಲ್ಲ. ಬಾಯಿಪಾಠ ಇತ್ತಲ್ಲ! ಬಲೆಯ ಮೇಲೆ ಬೆರಳಾಡಿಸುತ್ತಾ, ಬೇಲಿಯ ಹತ್ತಿರ ತುಸು ನಿಂತು ನಾಚಿಕೊಂಡು, ಕುಲದೇವರಿಂದ ಹಿಡಿದು 'ತಮ್ಮ ಆಗಮನಾಭಿಲಾಷಿಗಳು' ತನಕ ನಿರರ್ಗಳವಾಗಿ ಓದಿದೆ. ಭಟ್ಕಳದ ಹೆಂಗಸರು ಗಲ್ಲಕ್ಕೆ ಕೈ ಇಟ್ಟರು. ಅತ್ತೆಯ ಕಣ್ಣಲ್ಲಿ ನೀರು.

ಆ ಕಾಗದದಲ್ಲಿ ತಾರೀಕಿನ ಇಂಗ್ಲಿಷ್ ಅಂಕೆಗಳು ಮಾತ್ರ ಸರಿಯಾಗಿ ಬಿದ್ದಿದ್ದವು. ಪಕ್ಕದಲ್ಲಿ ಕುಳಿತ ಮದುಮಗ ಅವನ್ನೇ ದಿಟ್ಟಿಸುತ್ತಿದ್ದ. ಬಾಸಿಂಗ ಸರಿಪಡಿಸುವ ನೆವದಲ್ಲಿ ನನ್ನ ಕಡೆ ಬಾಗಿ, ಮದುವೆಯಾದ ಮೇಲಿನ ಮೊಟ್ಟಮೊದಲ ಮಾತನ್ನು ನನ್ನ ಕಿವಿಯಲ್ಲಿ ಹೇಳಿದ:

"ಮಾರಾಯ್ತಿ, ಕಾಗ್ದ ಉಲ್ಟಾ ಹಿಡ್ಕಂಡಿದ್ಯೆ."