ಮೊಳಕೆ ಬರದ ಹತ್ತು ಬೀಜ

ಗೊತ್ತಿಲ್ಲ ಎಂದು ಹೇಳುವುದಕ್ಕೂ ಒಂದು ವಯಸ್ಸಿದೆ. ಇಪ್ಪತ್ತರಲ್ಲಿ ಹೇಳಿದರೆ ವಿನಯ ಅನ್ನುತ್ತಾರೆ, ಎಪ್ಪತ್ತರಲ್ಲಿ ಹೇಳಿದರೆ ಮರೆವು ಅನ್ನುತ್ತಾರೆ. ನಡುವೆ ನಲವತ್ತೆಂಟರಲ್ಲಿ, ಅದೂ ರಾಯದುರ್ಗದ ಬಜಾರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡು, ‘ನನಗೆ ಬೇಸಾಯ ಗೊತ್ತಿಲ್ಲ’ ಎಂದರೆ ಏನನ್ನುತ್ತಾರೋ ಎಂಬ ಹೆದರಿಕೆಯಲ್ಲೇ ನಾನು ಹದಿನೆಂಟು ವರ್ಷ ಕಳೆದೆ. ಇದೇ ಅಂಗಡಿಯಲ್ಲಿ ನಮ್ಮ ತಂದೆ ಬಟ್ಟೆ ಮಾರುತ್ತಿದ್ದರು. ನಾನು ಬೀಜಕ್ಕೆ ಬದಲಾಯಿಸಿದ್ದು ಭೂಮಿಯ ಮೇಲಿನ ಪ್ರೀತಿಯಿಂದಲ್ಲ. ಬೀಜ ಕೊಂಡವರು ಬಣ್ಣ ಹೋಯಿತೆಂದು ವಾಪಸು ತರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ರೈತರು ಮಾತ್ರ ನನ್ನನ್ನು ಪಂಡಿತನೆಂದೇ ನಂಬಿದ್ದರು. ಯಾರಾದರೂ ರೋಗದ ಎಲೆ ತಂದರೆ ಅದನ್ನು ತಿರುವಿ ನೋಡುತ್ತಿದ್ದೆ, ಬೆಳಕಿಗೆ ಹಿಡಿಯುತ್ತಿದ್ದೆ, ಒಮ್ಮೆ ಮೂಸುತ್ತಿದ್ದೆ. “ಎಷ್ಟು ದಿನದ ಬೆಳಿರಿ?” ಎಂದು ಕೇಳುತ್ತಿದ್ದೆ. ಅವರು ಎಷ್ಟೇ ಹೇಳಲಿ, “ಹಾಂ... ನಾಲ್ಕು ದಿನ ನೋಡ್ರಿ” ಎನ್ನುತ್ತಿದ್ದೆ. ಹೀಗೆ ಸುಮ್ಮಸುಮ್ಮನೆ ಔಷಧಿ ಮಾರದ ಪ್ರಾಮಾಣಿಕ ಎಂಬ ಹೆಸರೂ ಬಂತು. ಅಜ್ಞಾನಕ್ಕೆ ಇಷ್ಟು ಮರ್ಯಾದೆ ಬೇರೆ ಯಾವ ವ್ಯಾಪಾರದಲ್ಲೂ ಸಿಕ್ಕದು.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ಮನೆಯೊಳಗಿಂದ. ನನ್ನ ಹೆಂಡತಿ ಗಿರಿಜಾ ಮಡಕಶಿರಾ ಕಡೆಯವಳು, ಅಮರಾಪುರದ ಹತ್ತಿರದ ಹಳ್ಳಿ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ, ಆನ್‌ಲೈನ್‌ನಲ್ಲಿ ಹತ್ತನೇ ತರಗತಿ ಓದುತ್ತೇನೆ ಎಂದಳು. ಓದು ಬಿಟ್ಟವರಿಗೆಂದೇ ಇರುವ ಶಾಲೆಯಂತೆ; ಫೋನಿನಲ್ಲೇ ಪಾಠ, ಕೊನೆಗೆ ಮಾತ್ರ ಕೂತು ಪರೀಕ್ಷೆ. ಅರ್ಜಿಯಲ್ಲಿ ವಿಷಯಗಳನ್ನು ಹೇಗೆ ತುಂಬಬೇಕೆಂದು ತಿಳಿಯಲು ಅವಳು ನನ್ನ ಹಳೆಯ ಅಂಕಪಟ್ಟಿ ಹುಡುಕಿ ತೆಗೆದಳು. ಅದರಲ್ಲಿ ಗಣಿತದ ಮುಂದೆ ಕೆಂಪು ಗೆರೆ ಇತ್ತು.

“ಏನ್ರೀ ಇದು? ಹತ್ತನೇ ಕ್ಲಾಸು ಪಾಸಾಗೈತೆ ಅಂತ ನಮ್ಮಪ್ಪಂಗೆ ಹೇಳಿದ್ರಲ್ಲ?”

“ಹತ್ತನೇದು ಆಗೇತಿ ಅಂದಿದ್ನಿ. ಪಾಸಾಗೇತಿ ಅಂದಿದ್ನೇನು?”

ಇಪ್ಪತ್ತೆರಡು ವರ್ಷ ಜೋಪಾನವಾಗಿ ಕಾಪಾಡಿದ್ದ ವಾಕ್ಯ ಅದು. ಗಿರಿಜಾ ಜಗಳವಾಡಲಿಲ್ಲ. ಇನ್ನೊಂದು ಅರ್ಜಿ ತೆಗೆದು ನನ್ನ ಮುಂದೆ ಇಟ್ಟಳು, ಅಷ್ಟೆ. ಐಚ್ಛಿಕ ವಿಷಯದ ಜಾಗದಲ್ಲಿ ಇಬ್ಬರಿಗೂ ಅವಳೇ ‘ಕೃಷಿಯ ಮೂಲಪಾಠಗಳು’ ಎಂದು ಬರೆದಳು. “ನಿಮ್ಗೆ ಸಲೀಸು. ದಿನಾ ಅದ್ರಾಗೇ ಇರ್ತೀರಲ್ಲ” ಎಂದಳು. ಅವಳ ಮುಖದಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಸಂಜೆ ಆರಕ್ಕೆ ತರಗತಿ. ಗಿರಿಜಾ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂರುತ್ತಿದ್ದಳು. ನಾನು ಅಂಗಡಿಯಲ್ಲಿ ಜೋಳದ ಬೀಜದ ಪೊಟ್ಟಣಕ್ಕೆ ಒರಗಿಸಿ, ಕ್ಯಾಮೆರಾ ಮುಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದೆ. ಪಾಠ ಮಾಡುವ ಮೇಡಂ ನಮಗೆ ಮಗಳಾಗುವ ವಯಸ್ಸಿನವರು. ನಮ್ಮ ಮನೆಯಲ್ಲಿ ನಾನು ಶೇಂಗಾ ಅನ್ನುವುದನ್ನು ಗಿರಿಜಾ ಕಡ್ಲೆಕಾಯಿ ಅನ್ನುತ್ತಾಳೆ, ಪಕ್ಕದ ಅಂಗಡಿಯ ತೆಲುಗಿನವರು ವೇರುಶನಗ ಅನ್ನುತ್ತಾರೆ. ಪುಸ್ತಕದಲ್ಲಿ ಅದೇ ನೆಲಗಡಲೆಯಾಗಿ ಬಂದಾಗ ಇದ್ಯಾವುದೋ ಹೊಸ ಬೆಳೆ, ತರಿಸಿ ಇಡಬೇಕು ಎಂದು ನಾನು ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಆದರೆ ಸುಳ್ಳೇಕೆ ಹೇಳಲಿ, ಎರಡನೇ ವಾರಕ್ಕೆ ನನಗೆ ಹುಚ್ಚು ಹಿಡಿಯಿತು. ಶೇಂಗಾ ಗಿಡದ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವಂತೆ, ಅವು ಗಾಳಿಯೊಳಗಿನ ಸಾರಜನಕ ಹಿಡಿದು ನೆಲಕ್ಕೆ ಕೊಡುತ್ತವಂತೆ! ಯೂರಿಯಾ ಮಾರುವ ನನಗೇ ಇದನ್ನು ಯಾರೂ ಹೇಳಿರಲಿಲ್ಲ. ಮರುದಿನ ಬಂದ ಮೊದಲ ಗಿರಾಕಿಯ ಕೈ ಹಿಡಿದು ಈ ಸುದ್ದಿ ಹೇಳಿದೆ. ಆತ ಶಾಂತವಾಗಿ, “ಅದಕ್ಕ ಅಲ್ಲೇನ್ರಿ ಶೇಂಗಾ ಆದಮ್ಯಾಲ ಜ್ವಾಳ ಹಾಕೋದು?” ಎಂದ. ಆದರೂ ನನ್ನ ಉತ್ಸಾಹ ತಗ್ಗಲಿಲ್ಲ. ಕಂಡ ಕಂಡ ಗಿಡ ಕಿತ್ತು ಬೇರು ನೋಡತೊಡಗಿದೆ. ಗಿರಿಜಾಳ ತುಳಸಿಯ ಹತ್ತಿರ ಹೋದಾಗ ಮಾತ್ರ ಅವಳು ಸೌಟು ಹಿಡಿದು ಹೊರಗೆ ಬಂದಳು.

ಆಮೇಲೆ ಬಂತು ಪ್ರಾಯೋಗಿಕ ಪರೀಕ್ಷೆ. ಎಲ್ಲರೂ ಹತ್ತು ಶೇಂಗಾ ಬೀಜ ತೆಗೆದುಕೊಂಡು ಮೊಳಕೆ ಬರಿಸಬೇಕು, ಐದನೇ ದಿನ ಕ್ಯಾಮೆರಾ ತೆರೆದು ತರಗತಿಗೆಲ್ಲ ತೋರಿಸಬೇಕು. ಮೇಡಂ ವಿಧಾನ ವಿವರಿಸುವ ಹೊತ್ತಿಗೆ ಸರಿಯಾಗಿ ಗೊಬ್ಬರದ ಲಾರಿ ಬಂತು. ಬೀಜಕ್ಕೆ ಮುಖ್ಯವಾಗಿ ಮೂರು ಬೇಕು ಎಂದದ್ದು ಕೇಳಿಸಿತು, ನೀರು ಎಂದದ್ದು ಕೇಳಿಸಿತು. ನಾನು ಚೀಲ ಎಣಿಸಿ ಬರುವಷ್ಟರಲ್ಲಿ “ಬೆಚ್ಚಗಿರಬೇಕು” ಎನ್ನುತ್ತಿದ್ದರು. ನಡುವೆ ತಪ್ಪಿಹೋದ ಇನ್ನೊಂದು ಏನೆಂದು ಕೇಳಲು ನಾಚಿಕೆಯಾಯಿತು. ಬೀಜದ ಅಂಗಡಿಯವನು ಬೀಜದ ಬಗ್ಗೆ ಕೇಳುವುದೆ? ನೀರು, ಬಿಸಿ, ಎರಡು ಸಾಕು ಎಂದುಕೊಂಡೆ. ಅಂಗಡಿಯ ಅತ್ಯುತ್ತಮ ಚೀಲದಿಂದ ಹತ್ತು ದುಂಡನೆಯ ಬೀಜ ಆರಿಸಿ, ಸ್ಟೀಲ್ ಡಬ್ಬಿಯ ತುಂಬ ನೀರು ಹಾಕಿ, ಮುಚ್ಚಳ ಬಿಗಿದು, ಬೆಚ್ಚಗಿರಲೆಂದು ಇನ್ವರ್ಟರ್ ಮೇಲೆ ಇಟ್ಟೆ. ನೀರು ತಣ್ಣಗಾಗಿದೆಯೆಂದು ಅನುಮಾನ ಬಂದಾಗಲೆಲ್ಲ ಫ್ಲಾಸ್ಕಿನಿಂದ ಒಂದಿಷ್ಟು ಬಿಸಿನೀರನ್ನೂ ಸುರಿದೆ. ಗಿರಿಜಾ ತವರಿನ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಿಟಕಿಯಲ್ಲಿ ಸುಮ್ಮನೆ ಇಟ್ಟಿದ್ದಳು. ಪಾಪ, ಹಳ್ಳಿಯ ವಿಧಾನ ಎಂದು ನಕ್ಕೆ.

ಐದನೇ ದಿನದ ಸಂಜೆ ಬಂತು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಿಂದೆ ಬೀಜದ ಚೀಲಗಳು ಸಾಲಾಗಿ ಕಾಣುವಂತೆ, ಮೇಲೆ ಅಂಗಡಿಯ ಹೆಸರಿನ ಕ್ಯಾಲೆಂಡರ್ ಓದಲು ಬರುವಂತೆ ಕೂತೆ. ತರಗತಿಯಲ್ಲಿ ಡಿ. ಹಿರೇಹಾಳ್, ಬೊಮ್ಮನಹಾಳ್ ಕಡೆಯವರೆಲ್ಲ ಇದ್ದರು. ಒಂದಿಷ್ಟು ಜಾಹೀರಾತಾಗಲಿ ಎಂಬ ಆಸೆ. ಮೊದಲು ಗಿರಿಜಾ ಬೀಜದ ಗಂಟು ಬಿಚ್ಚಿದಳು: ಹತ್ತಕ್ಕೆ ಹತ್ತು, ಬೆಳ್ಳನೆ ಮೊಳಕೆ. ಎರಡನೆಯದು ನನ್ನ ಸರದಿ. ಡಬ್ಬಿಯ ಮುಚ್ಚಳ ತೆಗೆದೆ. ಮೊದಲು ವಾಸನೆ ಬಂತು. ಬೀಜಗಳು ಉಬ್ಬಿ, ಸಿಪ್ಪೆ ಕಳಚಿ, ಮೆತ್ತಗೆ ಮಲಗಿದ್ದವು. ಒಂದರಲ್ಲೂ ಮೊಳಕೆಯ ಸುಳಿವಿಲ್ಲ.

“ಎಷ್ಟು ಬಂದಿದಾವೆ ಸಾರ್?” ಎಂದರು ಮೇಡಂ.

“ಸೊನ್ನೆರಿ.”

ಯಾರೋ ಕೆಳಗೆ ಟೈಪು ಮಾಡಿದರು: ‘ಯಾವ ಅಂಗಡಿ ಬೀಜ?’ ಇನ್ಯಾರೋ ಉತ್ತರ ಟೈಪು ಮಾಡಿದರು: ‘ಹಿಂದ ಕ್ಯಾಲೆಂಡರ್ ನೋಡ್ರಿ.’ ಬೀಜ ಕೆಟ್ಟದ್ದು ಎಂದರೆ ನಾಳೆಯಿಂದ ಅಂಗಡಿ ಮುಚ್ಚಬೇಕು. ಬೀಜ ಒಳ್ಳೆಯದು ಎಂದರೆ ನಾನು ದಡ್ಡ ಎಂದು ಒಪ್ಪಬೇಕು. ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಲು ನನಗಿದ್ದದ್ದು ನಾಲ್ಕೈದು ಕ್ಷಣ.

“ಮೇಡಂ, ಬೀಜ ಚಲೋ ಅದಾವ್ರಿ. ನಾನ ನೀರಾಗ ಮುಳುಗಿಸಿ, ಬಿಸಿನೀರು ಹಾಕಿ ಕೊಂದೀನ್ರಿ. ನನಗ ಬೇಸಾಯ ಗೊತ್ತಿಲ್ಲ” ಎಂದೆ. ಹದಿನೆಂಟು ವರ್ಷದ ಮಾತು ಒಂದೇ ಉಸಿರಿಗೆ ಹೊರಬಿತ್ತು.

ಯಾರೂ ನಂಬಲಿಲ್ಲ. ಬೀಜದ ವ್ಯಾಪಾರಿಗೆ ಮೊಳಕೆ ಬರಿಸಲು ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಆಗ ತೆರೆಯ ಮೇಲೆ ‘ಸ್ವೀಟಿ’ ಎಂಬ ಹೆಸರಿನವರು ಮಾತಿಗೆ ಬಂದರು. ಈ ಸ್ವೀಟಿ ಇಷ್ಟು ದಿನ ಕ್ಯಾಮೆರಾ ತೆರೆದಿರಲಿಲ್ಲ, ಬರೀ ಹೆಬ್ಬೆರಳೆತ್ತಿದ ಚಿತ್ರ ಕಳಿಸುತ್ತಿದ್ದರು. ಹದಿನಾರರ ಹುಡುಗಿ ಎಂದುಕೊಂಡಿದ್ದೆ. ಕ್ಯಾಮೆರಾ ತೆರೆದಾಗ ಕಂಡದ್ದು ಬೊಮ್ಮನಹಾಳಿನ ಹನುಮಕ್ಕ. ಕಾಲುವೆಯ ಭತ್ತದ ಗದ್ದೆಗಳಿಗೆ ನಾಟಿಯ ಹೆಂಗಸರನ್ನು ಕರೆದೊಯ್ಯುವ, ಹತ್ತು ವರ್ಷದಿಂದ ನನ್ನ ಅಂಗಡಿಗೆ ಬರುವ, ಐವತ್ತು ದಾಟಿದ ಹನುಮಕ್ಕ. ಫೋನು ಮೊಮ್ಮಗಳದಂತೆ.

“ನಿಲ್ರಿ ಮೇಡಂ! ಆ ಬೀಜಕ್ಕ ಏನೂ ಅನಬ್ಯಾಡ್ರಿ. ಮನ್ನೆ ಅದ ಚೀಲದಾಗಿಂದ ನಾನೂ ತಂದೀನಿ. ನೋಡ್ರಿಲ್ಲೆ, ಹತ್ತರಾಗ ಒಂಬತ್ತು ಬಂದಾವು” ಎಂದು ಬಟ್ಟೆಯನ್ನು ಕ್ಯಾಮೆರಾಕ್ಕೆ ತಾಗುವಷ್ಟು ಹತ್ತಿರ ಹಿಡಿದಳು. “ತಪ್ಪು ಬೀಜದ್ದಲ್ರಿ. ಸಾವ್ಕಾರ್ರದು.”

ಒಂದೇ ಮಾತಿನಲ್ಲಿ ಅಂಗಡಿ ಉಳಿಯಿತು, ನಾನು ಹೋದೆ. ಮೊದಲು ನಕ್ಕವರು ಮೇಡಂ. ಆಮೇಲೆ ಇಡೀ ತರಗತಿ. ಕೊನೆಗೆ ನನಗೂ ಎಂಥ ನಗು ಬಂತೆಂದರೆ ಡಬ್ಬಿ ಕೈಜಾರಿ ಮೇಜಿನ ಮೇಲೆಲ್ಲ ನೀರಾಯಿತು. ಮನೆಗೆ ಹೋದಾಗ ಗಿರಿಜಾ ಕಣ್ಣೊರೆಸಿಕೊಳ್ಳುತ್ತಲೇ ಬಾಗಿಲು ತೆಗೆದಳು. “ಬೀಜಕ್ಕೆ ಉಸಿರಾಡಾಕೆ ಗಾಳಿ ಬ್ಯಾಡ್ವೇನ್ರೀ? ಇನ್ನೊಂಚೂರು ಉಪ್ಪು ಹಾಕಿದ್ರೆ ಬೇಯಿಸಿದ ಕಡ್ಲೆಕಾಯಾದ್ರೂ ಆಗಿರೋದು.” ಲಾರಿ ಬಂದಾಗ ನಾನು ಕಳೆದುಕೊಂಡ ಮೂರನೆಯದು ಗಾಳಿ ಎಂದು ಆಗ ತಿಳಿಯಿತು.

ಮರುದಿನ ಅಂಗಡಿ ತೆರೆಯಲು ಮನಸ್ಸು ಬರಲಿಲ್ಲ. ಹೋಗಿ ನೋಡಿದರೆ ಬಾಗಿಲಲ್ಲಿ ಆರು ಜನ. ಬೀಜಕ್ಕಿಂತ ಹೆಚ್ಚಾಗಿ ನನ್ನನ್ನು ನೋಡಲು ಬಂದಿದ್ದರು. ಒಬ್ಬೊಬ್ಬರೂ ಮೊಳಕೆ ಬರಿಸುವುದು ಹೇಗೆಂದು ನನಗೆ ಬಿಡಿಸಿ ಹೇಳಿದರು, ಮಕ್ಕಳಿಗೆ ಹೇಳುವಂತೆ ನಿಧಾನವಾಗಿ. ಹನುಮಕ್ಕನಂತೂ ಬಟ್ಟೆಯನ್ನೇ ತಂದು, ನನ್ನ ಕೈಯಿಂದಲೇ ಸುತ್ತಿಸಿ, “ಹಿಂಡ್ರಿ, ಹಿಂಡ್ರಿ, ನೀರು ಸೋರಬಾರ್ದು” ಎಂದು ಕಲಿಸಿದಳು. ಆಗ ನನಗಾದ ಹಗುರವನ್ನು ಏನೆನ್ನಲಿ! ಗೊತ್ತಿಲ್ಲ ಎಂದ ಮೇಲೆ ಏನು ಬೇಕಾದರೂ ಕೇಳಬಹುದು. ನಾನು ಕೇಳಿದೆ, ಕೇಳಿದೆ, ಅವರಿಗೆ ಬೇಸರ ಬರುವವರೆಗೂ ಕೇಳಿದೆ.

ಪರೀಕ್ಷೆ ಬಂತು. ಕೃಷಿ ಪತ್ರಿಕೆಯಲ್ಲಿ ಒಂದು ಪ್ರಶ್ನೆ: ‘ಬೀಜಗಳು ಮೊಳೆಯದಿರಲು ಕಾರಣಗಳನ್ನು ವಿವರಿಸಿ.’ ಅದನ್ನು ನೋಡಿದಾಗ ನನಗೆ ಹಿಡಿಸಲಾರದಷ್ಟು ಸಂತೋಷ. ನಾಲ್ಕು ಪುಟ ಬರೆದೆ, ಹೆಚ್ಚುವರಿ ಹಾಳೆ ಕೇಳಿದೆ, ಡಬ್ಬಿಯ ಚಿತ್ರವನ್ನೂ ಬಿಡಿಸಿದೆ. ಇಬ್ಬರೂ ಪಾಸಾದೆವು, ಗಣಿತವೂ ಈ ಸಲ ಕನಿಕರಿಸಿ ದಾರಿ ಬಿಟ್ಟಿತು. ಕೃಷಿಯಲ್ಲಿ ಗಿರಿಜಾಗೆ ನನಗಿಂತ ಹನ್ನೊಂದು ಅಂಕ ಜಾಸ್ತಿ. ಆ ಪ್ರಶ್ನೆಗೆ ನೀನೇನು ಬರೆದೆ ಎಂದು ಕೇಳಿದೆ.

“ಅದನ್ನ ಬಿಟ್ಬಿಟ್ಟೆ ಕಣ್ರೀ. ನಾನು ಹಾಕಿದ್ವೆಲ್ಲ ಮೊಳೀತಾವೆ. ಮೊಳೀದಿದ್ರೆ ಯಾಕೆ ಅಂತ ನಂಗೆಂಗೆ ಗೊತ್ತಾಗ್ಬೇಕು?”

ಅಂದು ಸಂಜೆ ಅಂಗಡಿಗೆ ಬಂದವರಿಗೆಲ್ಲ ಪೇಢೆ ಕೊಟ್ಟು, ಒಂದು ಪ್ರಶ್ನೆಯಲ್ಲಿ ಹೆಂಡತಿಯನ್ನು ಸೋಲಿಸಿದ್ದೇನೆ ಎಂದು ಎದೆಯುಬ್ಬಿಸಿ ಹೇಳಿದೆ. ಎಲ್ಲರೂ ಪೇಢೆ ತಿಂದು ಸಂತೋಷಪಟ್ಟರು. ಯಾವ ಪ್ರಶ್ನೆ ಎಂದು ಒಬ್ಬರೂ ಕೇಳಲಿಲ್ಲ.